ಕರೆಂಟ್ ಹೋದ್ರೂ ನೆಟ್ ಬೇಕಾ? ಲ್ಯಾಪ್‌ಟಾಪ್‌ಗೆ ಡಾಂಗಲ್ ಹಾಕೋ ಮುಂಚೆ ಇಷ್ಟು ತಿಳ್ಕೊಳ್ಳಿ

ತೀರ್ಥಹಳ್ಳಿ: ತಿಂಗಳ 20ನೇ ತಾರೀಖು, ಸಂಜೆ ಹೊತ್ತು. ಜಿಎಸ್‌ಟಿಆರ್-3ಬಿ ಸಲ್ಲಿಸಲು ಅಂಗಡಿಯವರು ಲ್ಯಾಪ್‌ಟಾಪ್ ತೆರೆದು ಕೂತಿರುತ್ತಾರೆ. ಹೊರಗೆ ಗಾಳಿ ಮಳೆ. ಎಲ್ಲೋ ಒಂದು ಮರ ಬೀಳುತ್ತೆ, ಕರೆಂಟ್ ಹೋಗುತ್ತೆ, ಜೊತೆಗೆ ಫೈಬರ್ ಕೇಬಲ್ ಕೂಡ ಕಟ್. ಮಲೆನಾಡಿನ ತಾಲೂಕುಗಳಿಗೆ ಮಳೆಗಾಲದಲ್ಲಿ ಇದೇನೂ ಹೊಸದಲ್ಲ.

ಆದರೆ ಪೋರ್ಟಲ್‌ಗೆ ನಮ್ಮ ಮಳೆ ಗೊತ್ತಿಲ್ಲ. ಗಡುವು ಮೀರಿದರೆ ದಿನಕ್ಕೆ 50 ರೂ. ವಿಳಂಬ ಶುಲ್ಕ. ವ್ಯವಹಾರವೇ ಇಲ್ಲದ ನಿಲ್ ರಿಟರ್ನ್ ಆದ್ರೂ ದಿನಕ್ಕೆ 20 ರೂ. ಕಟ್ಟಬೇಕಾದ ತೆರಿಗೆ ಬಾಕಿ ಇದ್ದರೆ ವರ್ಷಕ್ಕೆ ಶೇ. 18ರಂತೆ ಬಡ್ಡಿ ಬೇರೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ವ್ಯಾಪಾರಿಗಳಿಗೆ ಕರ್ನಾಟಕದಲ್ಲಿ 22ನೇ ತಾರೀಖು ಗಡುವು.

ಇಂಥ ಹೊತ್ತಿಗೆ ನೆರವಾಗೋದು ಯುಎಸ್‌ಬಿ ಡಾಂಗಲ್. ಪೆನ್‌ಡ್ರೈವ್‌ನಂತೆ ಕಾಣುವ ಇದರೊಳಗೆ ಸಿಮ್ ಹಾಕಿ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ನೆಟ್ ಬರುತ್ತೆ. ಇದಕ್ಕೆ ಬೇಕಾದ ಕರೆಂಟ್ ಲ್ಯಾಪ್‌ಟಾಪ್ ಬ್ಯಾಟರಿಯಿಂದಲೇ ಸಿಗುತ್ತೆ. ಹಾಗಾಗಿ ಅಂಗಡಿಯ ವೈಫೈ ಬಾಕ್ಸ್ ಆಫ್ ಆದರೂ ಡಾಂಗಲ್ ನಡೆಯುತ್ತೆ.

ಹಳೇ ಡಾಂಗಲ್ ಈಗ ಬರುತ್ತಾ?

ಹತ್ತು ಹನ್ನೆರಡು ವರ್ಷದ ಹಿಂದೆ ತಗೊಂಡ ಡಾಂಗಲ್ ಅನೇಕರ ಡ್ರಾಯರ್‌ನಲ್ಲಿ ಇನ್ನೂ ಇದೆ. ಅದನ್ನೇ ನಂಬಿ ಕೂರಬೇಡಿ. ಅವುಗಳಲ್ಲಿ ಹೆಚ್ಚಿನವು 3ಜಿ. ಏರ್‌ಟೆಲ್ 2020ರಲ್ಲೇ 3ಜಿ ನಿಲ್ಲಿಸಿದೆ. 2016ರಲ್ಲಿ ಬಂದ ಜಿಯೋಗೆ 3ಜಿ ಇರಲೇ ಇಲ್ಲ. ಬಿಎಸ್ಎನ್ಎಲ್ ಕೂಡ 2025ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಸ್ವದೇಶಿ 4ಜಿಗೆ ಚಾಲನೆ ಕೊಟ್ಟಿದೆ. ಡಾಂಗಲ್ ಮೇಲೆ '4ಜಿ' ಅಥವಾ 'ಎಲ್‌ಟಿಇ' ಅಂತ ಬರೆದಿದ್ದರೆ ಮಾತ್ರ ಪ್ರಯತ್ನಿಸಿ.

ಕಂಪನಿಯೇ ಮಾರಿದ ಡಾಂಗಲ್ ಆಗಿದ್ದರೆ ಅದೇ ಕಂಪನಿ ಸಿಮ್‌ಗೆ ಲಾಕ್ ಆಗಿರಬಹುದು. ಬೇರೆ ಸಿಮ್ ಹಾಕಿದಾಗ ಅನ್‌ಲಾಕ್ ಕೋಡ್ ಕೇಳಿದರೆ ಅದೇ ಕಾರಣ.

ಕೊಳ್ಳುವಾಗ ಏನು ನೋಡಬೇಕು?

ಬಾಕ್ಸ್ ಮೇಲೆ ಬ್ಯಾಂಡ್ ನಂಬರ್‌ಗಳ ಪಟ್ಟಿ ಇರುತ್ತೆ. ಅಂಗಡಿಯವರು ಹೇಳಲ್ಲ, ನೀವೇ ಓದಿ. ನಮ್ಮ ಕಡೆ ಜಿಯೋಗೆ 3, 5, 40 ಬೇಕು. ಏರ್‌ಟೆಲ್‌ಗೆ 3, 8, 40. ಬಿಎಸ್ಎನ್ಎಲ್ 4ಜಿಗೆ 1 ಮತ್ತು 28. ಇದರಲ್ಲಿ 5, 8 ಮತ್ತು 28 ಕಡಿಮೆ ಫ್ರೀಕ್ವೆನ್ಸಿಯವು. ದೂರ ಹೋಗುತ್ತವೆ, ಗೋಡೆ ದಾಟಿ ಒಳಗೂ ಬರುತ್ತವೆ. ಹಳ್ಳಿ ಕಡೆ, ಗುಡ್ಡದ ಮರೆಯಲ್ಲಿ ಇರೋರಿಗೆ ಇವೇ ಮುಖ್ಯ.

ಸಿಮ್ ಹಾಕೋದು ಹೇಗೆ?

* ಹೊಸ ಸಿಮ್ ಆದರೆ ಮೊದಲು ಮೊಬೈಲ್‌ಗೆ ಹಾಕಿ ಆಕ್ಟಿವೇಟ್ ಮಾಡಿ, ರೀಚಾರ್ಜ್ ಮಾಡಿ, ನೆಟ್ ಬರುತ್ತಾ ನೋಡಿ. ಪಿನ್ ಲಾಕ್ ಇದ್ದರೆ ಅಲ್ಲೇ ತೆಗೆಯಿರಿ.
* ಹಲವು ಡಾಂಗಲ್‌ಗಳಲ್ಲಿ ಈಗಲೂ ದೊಡ್ಡ ಸಿಮ್‌ನ ಜಾಗವೇ ಇದೆ. ಮೊಬೈಲ್‌ನ ನ್ಯಾನೋ ಸಿಮ್ ಅನ್ನು ಅಡಾಪ್ಟರ್ ಇಲ್ಲದೆ ತೂರಿಸಿದರೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ.
* ಬ್ಯಾಂಕ್, ಆಧಾರ್, ಜಿಎಸ್‌ಟಿಗೆ ಲಿಂಕ್ ಆಗಿರೋ ಸಿಮ್ ಡಾಂಗಲ್‌ಗೆ ಹಾಕಬೇಡಿ. ರಿಟರ್ನ್ ಸಲ್ಲಿಸೋಕೆ ಬರೋ ಒಟಿಪಿ ಡಾಂಗಲ್ ಒಳಗೆ ಹೋಗಿ ಕೂರುತ್ತೆ. ಕೆಲವು ಡಾಂಗಲ್‌ಗಳಲ್ಲಿ ಮೆಸೇಜ್ ಓದುವ ವ್ಯವಸ್ಥೆ ಇದೆ, ಆದರೆ ಗಡುವಿನ ದಿನ ಅದನ್ನು ಹುಡುಕುತ್ತಾ ಕೂರೋಕಾಗಲ್ಲ. ಡಾಂಗಲ್‌ಗೆ ಬೇರೆ ಸಿಮ್ ಇರಲಿ.

ಆ ಬೇರೆ ಸಿಮ್ ನಿಮ್ಮ ಮೊಬೈಲ್‌ನದ್ದಲ್ಲದ ಕಂಪನಿಯದ್ದಾದರೆ ಇನ್ನೂ ಒಳ್ಳೇದು. ಕರೆಂಟ್ ಹೋಗಿ ತುಂಬಾ ಹೊತ್ತಾದರೆ ಟವರ್‌ನ ಬ್ಯಾಟರಿಯೂ ಖಾಲಿಯಾಗುತ್ತೆ. ಒಂದು ಹೋದರೆ ಇನ್ನೊಂದು ಇರಬಹುದು.

ಲ್ಯಾಪ್‌ಟಾಪ್‌ನಲ್ಲಿ ಸೆಟ್ಟಿಂಗ್

1. ಡಾಂಗಲ್ ಚುಚ್ಚಿ ಒಂದೆರಡು ನಿಮಿಷ ಕಾಯಿರಿ. ಕೆಲವು ಡಾಂಗಲ್ ಮೊದಲು ಸಿಡಿ ಡ್ರೈವ್‌ನಂತೆ ಕಾಣಿಸುತ್ತವೆ. ಸಾಫ್ಟ್‌ವೇರ್ ಅದರೊಳಗೇ ಇರುತ್ತೆ. ತೆರೆದು ಇನ್‌ಸ್ಟಾಲ್ ಮಾಡಿ. ಇನ್ನು ಕೆಲವಕ್ಕೆ ಸಾಫ್ಟ್‌ವೇರೇ ಬೇಡ, ಕೇಬಲ್ ನೆಟ್‌ನಂತೆ ತಾವೇ ಕನೆಕ್ಟ್ ಆಗುತ್ತವೆ.
2. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ. ಇಲ್ಲದಿದ್ದರೆ ನೆಟ್ ಬರದ ವೈಫೈಗೇ ಅಂಟಿಕೊಂಡಿರುತ್ತೆ.
3. ಸಿಗ್ನಲ್ ಇದ್ದೂ ನೆಟ್ ಬರದಿದ್ದರೆ ಎಪಿಎನ್ ನೋಡಿ. ಬ್ರೌಸರ್‌ನಲ್ಲಿ 192.168.8.1 ಅಥವಾ 192.168.1.1 ಅಂತ ಟೈಪ್ ಮಾಡಿದರೆ ಸಾಮಾನ್ಯವಾಗಿ ಡಾಂಗಲ್ ಪುಟ ತೆರೆಯುತ್ತೆ. ಸರಿಯಾದ ವಿಳಾಸ ಡಾಂಗಲ್ ಮೇಲಿನ ಚೀಟಿಯಲ್ಲೂ ಇರುತ್ತೆ. ಎಪಿಎನ್ ಜಾಗದಲ್ಲಿ ಜಿಯೋಗೆ 'ಜಿಯೋನೆಟ್', ಬಿಎಸ್ಎನ್ಎಲ್‌ಗೆ 'ಬಿಎಸ್ಎನ್ಎಲ್‌ನೆಟ್', ಏರ್‌ಟೆಲ್‌ಗೆ 'ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್' ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಹಾಕಿ. 'ಡಾಟ್' ಅಂದರೆ ಅಲ್ಲಿ ಬರೀ ಚುಕ್ಕಿ. ಯೂಸರ್‌ನೇಮ್, ಪಾಸ್‌ವರ್ಡ್ ಖಾಲಿ ಬಿಡಿ.
4. ವೈಫೈ ಕೊಡುವ ಡಾಂಗಲ್ ಆದರೆ ಅದರ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ. ಇಲ್ಲದಿದ್ದರೆ ನಿಮ್ಮ ಡೇಟಾ ಪಕ್ಕದವರ ರೀಲ್ಸ್‌ಗೆ ಹೋಗುತ್ತೆ.

ಸಿಗ್ನಲ್ ಸಿಗ್ತಿಲ್ವಾ?

ಕಬ್ಬಿಣದ ಶಟರ್, ತಗಡಿನ ಮಾಡು, ದಪ್ಪ ಗೋಡೆ ಇವೆಲ್ಲ ಸಿಗ್ನಲ್ ತಡೆಯುತ್ತವೆ. ಲ್ಯಾಪ್‌ಟಾಪ್ ಹೊತ್ತು ಓಡಾಡೋ ಬದಲು ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಗೊಳ್ಳಿ. ಡಾಂಗಲ್ ಅನ್ನು ಕಿಟಕಿ ಹತ್ತಿರ, ಸ್ವಲ್ಪ ಎತ್ತರದಲ್ಲಿ ಇಡಿ, ಮಳೆ ಹನಿ ತಾಗದಿರಲಿ. ಕೇಬಲ್ ಒಂದೆರಡು ಮೀಟರ್ ಸಾಕು. ತುಂಬಾ ಉದ್ದವಾದರೆ ಡಾಂಗಲ್‌ಗೆ ಪವರ್ ಸಾಲದೆ ಪದೇ ಪದೇ ಕಟ್ ಆಗುತ್ತೆ.

ಕೆಲವು ಡಾಂಗಲ್ ಪುಟದಲ್ಲಿ 'ಆರ್‌ಎಸ್‌ಆರ್‌ಪಿ' ಅಂತ ಮೈನಸ್ ಸಂಖ್ಯೆ ಇರುತ್ತೆ. ಮೈನಸ್ 90 ಅಥವಾ ಅದಕ್ಕಿಂತ ಸೊನ್ನೆಗೆ ಹತ್ತಿರ ಇದ್ದರೆ ಒಳ್ಳೆ ಸಿಗ್ನಲ್. ಮೈನಸ್ 110 ದಾಟಿದರೆ ಜಾಗ ಬದಲಿಸಿ.

ಡೇಟಾ ಬೇಗ ಖಾಲಿ ಆಗುತ್ತಾ?

ಆಗುತ್ತೆ. ನೆಟ್ ಸಿಕ್ಕಿದ ತಕ್ಷಣ ವಿಂಡೋಸ್ ಅಪ್‌ಡೇಟ್ ಹಿಂದಿನಿಂದ ಡೌನ್‌ಲೋಡ್ ಆಗೋಕೆ ಶುರುವಾಗಬಹುದು. ದಿನಕ್ಕೆ ಒಂದೂವರೆ ಜಿಬಿ ಪ್ಲಾನ್ ಆದರೆ ಅಷ್ಟರಲ್ಲೇ ಮುಗೀತು. ಆಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿದರೆ ಪೋರ್ಟಲ್ ತೆರೆಯೋದೇ ಕಷ್ಟ. ವಿಂಡೋಸ್ ಸೆಟ್ಟಿಂಗ್ಸ್‌ನ 'ನೆಟ್‌ವರ್ಕ್ ಅಂಡ್ ಇಂಟರ್ನೆಟ್' ಒಳಗೆ ಡಾಂಗಲ್ ಕನೆಕ್ಷನ್ ಆರಿಸಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ಅಪ್‌ಡೇಟ್ ಬಹುಮಟ್ಟಿಗೆ ತಡೆಯುತ್ತೆ.

ಇನ್ನೊಂದು ಮಾತು: ಅನ್‌ಲಿಮಿಟೆಡ್ 5ಜಿ ಪ್ಲಾನ್ ಇದೆ ಅಂತ ಆ ಸಿಮ್ ಅನ್ನು 4ಜಿ ಡಾಂಗಲ್‌ಗೆ ಹಾಕಿದರೆ ಅನ್‌ಲಿಮಿಟೆಡ್ ಸಿಗಲ್ಲ. ದಿನದ ಮಿತಿ ಅಷ್ಟೇ.

ಎಲ್ಲರಿಗೂ ಡಾಂಗಲ್ ಬೇಕಾ?

ಬೇಡ. ತಿಂಗಳಿಗೆ ಒಂದೆರಡು ಸಲ ನೆಟ್ ಕೈಕೊಡೋದಾದರೆ ಮೊಬೈಲ್ ಹಾಟ್‌ಸ್ಪಾಟ್ ಸಾಕು. ಚಾರ್ಜಿಂಗ್ ಕೇಬಲ್‌ನಿಂದ ಫೋನ್ ಅನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿದರೆ ಫೋನೇ ಡಾಂಗಲ್ ಆಗುತ್ತೆ, ಚಾರ್ಜೂ ಆಗ್ತಿರುತ್ತೆ. ಮಾಲೀಕರು ಫೋನ್ ಹಿಡ್ಕೊಂಡು ಹೊರಗೆ ಹೋದರೂ ಅಂಗಡಿಯಲ್ಲಿ ಬಿಲ್ಲಿಂಗ್ ನಡೀಬೇಕು ಅನ್ನೋರಿಗೆ, ದಿನವೂ ಆನ್‌ಲೈನ್ ಅರ್ಜಿ ಹಾಕುವ ಸೇವಾ ಕೇಂದ್ರದವರಿಗೆ ಡಾಂಗಲ್ ಅನುಕೂಲ.

ಯಾವುದನ್ನೇ ಇಟ್ಟುಕೊಂಡರೂ ಮಳೆ ಜೋರಾಗೋ ಮುಂಚೆ ಒಂದು ದಿನ ವೈಫೈ ಬಾಕ್ಸ್ ಆಫ್ ಮಾಡಿ ಪರೀಕ್ಷೆ ಮಾಡಿ. ಪೋರ್ಟಲ್‌ಗೆ ಲಾಗಿನ್ ಆಗಿ ಒಂದು ಹಳೇ ರಿಟರ್ನ್ ಡೌನ್‌ಲೋಡ್ ಮಾಡಿ ನೋಡಿ. ಸಿಮ್‌ನ ವ್ಯಾಲಿಡಿಟಿ ಯಾವಾಗ ಮುಗಿಯುತ್ತೆ ಅಂತ ಕ್ಯಾಲೆಂಡರ್ ಮೇಲೆ ಬರೆದಿಡಿ. ರೀಚಾರ್ಜ್ ಇಲ್ಲದ ಡಾಂಗಲ್ 20ನೇ ತಾರೀಖಿಗೆ ಯಾವ ಉಪಯೋಗಕ್ಕೂ ಬರಲ್ಲ.