ಕನ್ನಡಿ ಹೋಯಿತು, ಹೀಲಿಯೋಸ್ ಬಂತು

ಮನೆಯ ಅಟ್ಟದಲ್ಲಿ ಕೆಟ್ಟುಹೋದ ಜೆನಿಟ್ ಕ್ಯಾಮೆರಾ ಸಿಕ್ಕರೆ ಅದರ ಲೆನ್ಸನ್ನು ಗುಜರಿಗೆ ಹಾಕಬೇಡಿ. ಮುಂಭಾಗದಲ್ಲಿ ‘ಹೀಲಿಯೋಸ್ 44-2’ ಎಂದು ಕೆತ್ತಿದ್ದರಂತೂ ಜೋಪಾನ. ಜರ್ಮನಿಯ ಜೈಸ್ ಕಂಪನಿಯ ಬಯೋಟಾರ್ ವಿನ್ಯಾಸವನ್ನು ಅನುಸರಿಸಿ ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್ ಮುಂತಾದೆಡೆ ಸೋವಿಯತ್ ಕಾರ್ಖಾನೆಗಳು ತಯಾರಿಸಿದ 58 ಮಿ.ಮೀ. ಲೆನ್ಸ್ ಅದು. ಇವತ್ತಿನ ಮಿರರ್‌ಲೆಸ್ ಕ್ಯಾಮೆರಾದಲ್ಲೂ ಚೆನ್ನಾಗಿ ದುಡಿಯುತ್ತದೆ.

ಇದು ಸಾಧ್ಯವಾದದ್ದು ಕನ್ನಡಿ ಹೋದ ಮೇಲೆ. ಜೆನಿಟ್‌ನಂಥ ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಕನ್ನಡಿ ಏಳಲು ಜಾಗ ಬೇಕಿತ್ತು. ಹಾಗಾಗಿ ಹೀಲಿಯೋಸ್‌ನ ಎಂ42 ತಿರುಪಿನ ಮೌಂಟ್‌ಗೂ ಫಿಲ್ಮಿಗೂ ನಡುವೆ 45.46 ಮಿ.ಮೀ. ಅಂತರ. ಸೋನಿಯ ಇ-ಮೌಂಟ್‌ನಲ್ಲಿ ಆ ಅಂತರ ಬರೀ 18 ಮಿ.ಮೀ. ಉಳಿದ 27.46 ಮಿ.ಮೀ. ತುಂಬಲು ಒಂದು ಟೊಳ್ಳು ಲೋಹದ ಬಳೆ ಸಾಕು. ಅಡಾಪ್ಟರ್ ಎಂದರೆ ಅಷ್ಟೇ. ಒಳಗೆ ಗಾಜಿಲ್ಲ, ತಂತಿಯಿಲ್ಲ. ನಿಕಾನ್‌ನ ಹಳೆಯ ಎಫ್-ಮೌಂಟ್ ಡಿಎಸ್‌ಎಲ್‌ಆರ್‌ಗಳಲ್ಲಿ ಅಂತರ 46.5 ಮಿ.ಮೀ. ಸುಮಾರು ಒಂದೇ ಮಿಲಿಮೀಟರ್ ಹೆಚ್ಚಾದದ್ದಕ್ಕೆ ದೂರದ ಬೆಟ್ಟ ಫೋಕಸ್‌ಗೇ ಬರುವುದಿಲ್ಲ!

ತಂತಿಯಿಲ್ಲದ ಕಾರಣ ಲೆನ್ಸ್ ಇರುವುದು ಕ್ಯಾಮೆರಾಗೆ ತಿಳಿಯದು. ಹಾಗಾಗಿ ಅದರ ಮೆನುವಿನಲ್ಲಿ, ಲೆನ್ಸ್ ಇಲ್ಲದಿದ್ದರೂ ಶಟರ್ ಬೀಳುವಂತೆ ಹೊಂದಿಸಿಕೊಳ್ಳಬೇಕು. ಆಮೇಲೆಲ್ಲ ಕೈಯ ಕೆಲಸ. 44-2ರಲ್ಲಿ ಅಪರ್ಚರ್‌ಗೆ ಎರಡು ಬಳೆ. ಒಂದರಲ್ಲಿ ಬೇಕಾದ ಅಂಕಿ ಗೊತ್ತುಮಾಡುವುದು, ಇನ್ನೊಂದನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಕಣ್ಣು ತೆಗೆಯದೆ ಆ ಅಂಕಿಯವರೆಗೆ ಮುಚ್ಚುವುದು. ಫೋಕಸ್ ಪೀಕಿಂಗ್ ಹಾಕಿದರೆ ಸ್ಪಷ್ಟವಾದ ಅಂಚುಗಳು ಬಣ್ಣದಲ್ಲಿ ಮಿನುಗುತ್ತವೆ. ಆದರೂ ಚಿತ್ರವನ್ನು ದೊಡ್ಡದು ಮಾಡಿ ಕಣ್ರೆಪ್ಪೆ ನೋಡಿಕೊಳ್ಳುವುದೇ ಖಾತ್ರಿ.

ಅಪರ್ಚರ್ 2ರಲ್ಲಿಟ್ಟು, ಬಿಸಿಲು ತೂರುವ ಮರದೆದುರು ಒಬ್ಬರನ್ನು ನಿಲ್ಲಿಸಿ ನೋಡಿ. ಹಿಂದಿನ ಎಲೆಗಳ ಬೆಳಕಿನ ಚುಕ್ಕೆಗಳು ಅಂಚಿನಲ್ಲಿ ಹೊಳೆಯ ಸುಳಿಯಂತೆ ಮುಖವನ್ನು ಸುತ್ತುತ್ತವೆ. ಲೆನ್ಸ್ ತಜ್ಞರಿಗೆ ಅದು ದೋಷ. ನನಗೆ ಮಾತ್ರ, ಮೂಲೆಮೂಲೆಯೂ ಚೂಪಾದ ಹೊಸ ಲೆನ್ಸಿನ ಚಿತ್ರಕ್ಕಿಂತ ಇದೇ ಇಷ್ಟ.

ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಬೇಕು. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಗಾಜಿನ ಮೇಲೆ ಬೂಷ್ಟು ಕಟ್ಟುತ್ತದೆ. ಜೇಡನ ಎಳೆಯಂಥದ್ದು ಕಂಡರೆ ಬೇಡ. ಅಪರ್ಚರ್ ಪಟ್ಟಿಗಳ ಮೇಲಿನ ಎಣ್ಣೆಗೆ ಹೆದರಬೇಕಿಲ್ಲ. ಇಲ್ಲಿ ಅವನ್ನು ತಿರುಗಿಸುವುದು ಕೈಯೇ ಹೊರತು ಸ್ಪ್ರಿಂಗ್ ಅಲ್ಲ.

ಇನ್ನು ಬಾಡಿಯ ಮಾತು. ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಚಿತ್ರದ ಅಂಚನ್ನು ಕತ್ತರಿಸುವುದರಿಂದ ಆ ಸುಳಿ ತಗ್ಗುತ್ತದೆ. ಸುಳಿಗಾಗಿಯೇ ಕೊಳ್ಳುವವರು ಫುಲ್‌ಫ್ರೇಮ್ ನೋಡಲಿ. 2013ರ ಮೊದಲ ಸೋನಿ ಎ7 ಕೂಡ ಈ ಲೆನ್ಸಿಗೆ ಧಾರಾಳ ಸಾಕು.