ಬೆಟ್ಟಾ ಮೀನಿಗೆ ತಕ್ಕ ತೊಟ್ಟಿ

ಇಂದು ಥಾಯ್ಲೆಂಡ್ ಎನಿಸಿಕೊಂಡಿರುವ ಸಯಾಮ್ ದೇಶದ ಬತ್ತದ ಗದ್ದೆಗಳೂ ಜವುಗುಗಳೂ ಬೆಟ್ಟಾ ಮೀನಿನ ತವರು. ಇದು ನೀರಿನ ಮೇಲಕ್ಕೆ ಬಂದು ಗಾಳಿಯನ್ನೂ ಉಸಿರಾಡಬಲ್ಲುದಾದುದರಿಂದ ಅಂಗಡಿಗಳಲ್ಲಿ ಲೋಟದಷ್ಟು ನೀರಿನಲ್ಲಿಟ್ಟು ಮಾರುವುದುಂಟು. ಆದರೆ ಜೀವ ಹಿಡಿದಿರುವುದು ಬೇರೆ, ಸುಖವಾಗಿ ಬಾಳುವುದು ಬೇರೆ. ಅಲ್ಪ ಜಲವು ಮೀನಿನ ಮಲದಿಂದಲೇ ಬೇಗನೆ ವಿಷವಾಗುವುದು; ಚಳಿಗೆ ಒಡನೆ ತಣ್ಣಗಾಗುವುದು.

ಆದುದರಿಂದ ಸುಮಾರು 20 ಲೀಟರು ಹಿಡಿಯುವ, ಎತ್ತರಕ್ಕಿಂತ ಉದ್ದ ಹೆಚ್ಚಾದ ಸಾದಾ ಗಾಜಿನ ತೊಟ್ಟಿಯನ್ನೇ ಕೊಳ್ಳತಕ್ಕದ್ದೆಂದು ನಮ್ಮ ಅಭಿಪ್ರಾಯ. ಅಲಂಕಾರಕ್ಕೆ ಸುರಿಯುವ ಹಣದಲ್ಲಿ ನೀರನ್ನು ಕಲಕದ ಸ್ಪಂಜಿನ ಫಿಲ್ಟರನ್ನು ತರಬಹುದು. ಅದರ ಗಾಳಿಯ ಪಂಪನ್ನು ಮಡಿಸಿದ ಬಟ್ಟೆಯ ಮೇಲಿಟ್ಟರೆ ಸದ್ದು ತಗ್ಗುವುದು. ಮೀನು ಹಾರುವುದರಿಂದ ಮುಚ್ಚಳವಿರಲಿ, ಅದರಡಿಯಲ್ಲಿ ಗಾಳಿಗೆ ಎಡೆಯಿರಲಿ. ಎರಡು ಗಂಡುಗಳನ್ನು ಒಟ್ಟಿಗೆ ಬಿಡಲಾಗದು.

ಬಣ್ಣಕ್ಕೆ ಮರುಳಾಗಿ ಮೀನನ್ನು ಮೊದಲು ತಾರದೆ, ತೊಟ್ಟಿಯನ್ನು ಸಿದ್ಧಪಡಿಸಿದ ಅನಂತರವೇ ತರಬೇಕೆಂದು ಗೃಹಸ್ಥರಲ್ಲಿ ನಮ್ಮ ವಿನಂತಿ.