ಅಂಕಿತದಿಂದ ಶೋಧ ಖಾನೆಗೆ

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಹೆಸರೆತ್ತಿದರೆ ದಾಸೋಹದ ನೆನಪೂ ಜೊತೆಗೇ ಬರುತ್ತದೆ. ಮಹಾದಾಸೋಹಿ ಎಂದೇ ಹೆಸರಾದ ಶರಣಬಸವೇಶ್ವರರು (1746–1822) ನಡೆಸಿಕೊಂಡು ಬಂದ ಆ ಆಚರಣೆಯ ಬೇರು 12ನೆಯ ಶತಮಾನದ ಶರಣರಲ್ಲಿರುವುದರಿಂದ, ದಾಸೋಹದ ಮಾತನ್ನು ಯಾವ ಯಾವ ವಚನಕಾರರು ಆಡಿದ್ದಾರೆಂದು ಅರಿಯಬಯಸಿದವರು ಬಹುಕಾಲ ಸಂಪುಟದ ಮೇಲೆ ಸಂಪುಟ ತಿರುವಿಹಾಕಬೇಕಿತ್ತು. ಇಂದು ವಚನ ಸಂಚಯ ಜಾಲತಾಣದಲ್ಲಿ ಆ ಪದವನ್ನು ಟೈಪಿಸಿದರೆ ಸಾಕಾದರೂ, ಈ ಸೌಲಭ್ಯದ ಹಿಂದಿನ ವಿಂಗಡಣೆಯ ಕೆಲಸ ಕಂಪ್ಯೂಟರಿಗಿಂತ ತುಂಬ ಹಳೆಯದು.

ವಿಜಯನಗರದ ಕಾಲದಲ್ಲಿ, 15ನೆಯ ಶತಮಾನದ ಸುಮಾರಿಗೆ, ವಚನಗಳನ್ನು ಸಂಕಲಿಸಿದವರು ಅವನ್ನು ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ, ಎಂದರೆ ಸಾಧನೆಯ ಹಂತಗಳಿಗೆ, ಅನುಗುಣವಾಗಿ ಹೊಂದಿಸತೊಡಗಿದರು. ವಚನ ಸಾಹಿತ್ಯದ ಮೊದಲ ಫಿಲ್ಟರ್ ಇದೇ ಎನ್ನಬಹುದು. ಹಲವರ ವಚನಗಳು ಒಂದೇ ಓಲೆಕಟ್ಟಿನಲ್ಲಿ ಬೆರೆತಾಗ ಕರ್ತೃವನ್ನು ತೋರಿಸಿಕೊಟ್ಟದ್ದು ಅಂಕಿತ, ಅಂದರೆ ವಚನಕಾರರು ತಮ್ಮ ಇಷ್ಟದೈವದ ಹೆಸರಿನಲ್ಲಿ ಹಾಕಿದ ಮುದ್ರೆ. ಅಂಬಿಗರ ಚೌಡಯ್ಯ ಮಾತ್ರ ಆ ಸ್ಥಾನದಲ್ಲಿ ನೇರವಾಗಿ ತನ್ನ ಹೆಸರನ್ನೇ ಇಟ್ಟುಕೊಂಡು ಸಂಪಾದಕರ ಶ್ರಮ ಉಳಿಸಿದ. ಮುದ್ರಣದ ಕಾಲಕ್ಕೆ ಬಂದರೆ, ವಚನ ಸಂಪಾದಕ ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರ ಸಾರ' 1923ರಲ್ಲಿ ಅಚ್ಚಾಯಿತು, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ರಾಜ್ಯ ಸರ್ಕಾರ 1993ರಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಓ.ಎಲ್. ನಾಗಭೂಷಣಸ್ವಾಮಿ, ಓಂಶಿವಪ್ರಕಾಶ್ ಮೊದಲಾದವರ ತಂಡ 2013ರಲ್ಲಿ ರೂಪಿಸಿದ ವಚನ ಸಂಚಯವು ಸುಮಾರು 21,000 ವಚನಗಳನ್ನು ಹುಡುಕಾಟಕ್ಕೆ ಒದಗಿಸಿತು.

ಇಂಥ ಭಂಡಾರಕ್ಕೆ ಅಂಕಿತದ ಫಿಲ್ಟರನ್ನು ಸೇರಿಸಬೇಕಾದರೆ ಪ್ರತಿ ವಚನದ ದಾಖಲೆಯಲ್ಲಿ ಅದಕ್ಕೆಂದೇ ಒಂದು ಖಾನೆ, ಅಂದರೆ ತಂತ್ರಜ್ಞರು ಫೀಲ್ಡ್ ಎನ್ನುವ ಮೀಸಲು ಸ್ಥಳ, ಇರಬೇಕು. ಆಯ್ದಕ್ಕಿ ಮಾರಯ್ಯನ ಅಂಕಿತ 'ಅಮರೇಶ್ವರಲಿಂಗ', ಮಡದಿ ಲಕ್ಕಮ್ಮನದು 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಪಠ್ಯದೊಳಗೆ ಬರಿಯ ಅಕ್ಷರಸಾಲನ್ನು ಅರಸಿದರೆ ಮಾರಯ್ಯನನ್ನು ಕೇಳಿದವರಿಗೆ ಲಕ್ಕಮ್ಮನೂ ಸಿಗುತ್ತಾಳೆ. ಅಂಕಿತದ ಖಾನೆ ಬೇರೆಯಾಗಿದ್ದು, ಪೂರ್ಣ ಹೊಂದಾಣಿಕೆಯನ್ನೇ ಕೇಳಿದರೆ ಇಬ್ಬರೂ ಬೇರೆಬೇರೆಯಾಗಿ ದೊರೆಯುತ್ತಾರೆ.

ಪದಗಳ ಹುಡುಕಾಟದಲ್ಲಿ ಇದೇ ಉಪಾಯ ಕೈಕೊಡುತ್ತದೆ. 'ಮನ' ಎಂಬ ಪದಕ್ಕೆ ಪೂರ್ಣ ಹೊಂದಾಣಿಕೆ ಕೇಳಿದರೆ 'ಮನದ', 'ಮನವ' ತಪ್ಪಿಹೋಗುತ್ತವೆ. ಅದೇ ಅಕ್ಷರಗಳಿಂದ ಆರಂಭವಾಗುವ ಎಲ್ಲವನ್ನೂ ಕೇಳಿದರೆ ಯುನಿಕೋಡಿನಲ್ಲಿ ಸ್ವರಚಿಹ್ನೆಯು ವ್ಯಂಜನದ ಬಳಿಕ ಪ್ರತ್ಯೇಕ ಸಂಕೇತವಾಗಿ ದಾಖಲಾಗುವುದರಿಂದ 'ಮನೆ', 'ಮನುಜ'ಗಳೂ ನುಗ್ಗುತ್ತವೆ. ಆದ್ದರಿಂದ ಪ್ರತಿ ಪದರೂಪದ ಪಕ್ಕದಲ್ಲಿ ಅದರ ಮೂಲಪದವನ್ನು ಬರೆದಿಡುವ ಮತ್ತೊಂದು ಖಾನೆ ಬೇಕಾಗುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಕಳಚುವ ತಂತ್ರಾಂಶ ಈ ಕೆಲಸದ ಬಹುಪಾಲನ್ನು ಮಾಡಬಲ್ಲದಾದರೂ, 'ಅರಿ' ಎಂಬುದು ಒಂದೆಡೆ ತಿಳಿ ಎಂದೂ ಮತ್ತೊಂದೆಡೆ ವೈರಿ ಎಂದೂ ಆಗುವಲ್ಲಿ ವಚನವನ್ನು ಓದಿಯೇ ಖಾನೆ ತುಂಬಬೇಕು.